ಕೋಳಿಯ ಕಾಳಿಗೆ ಬೆರೆತ ಮದ್ದು

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ರಸ್ತೆಯಲ್ಲಿ ಸಿಗುವ ತೆಕ್ಕಲಕೋಟೆ, ಪುರಾತತ್ವದ ಗ್ರಂಥಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಊರು. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅವರು ಇಲ್ಲಿನ ಬಂಡೆಗುಡ್ಡಗಳ ಮೇಲೆ ಉತ್ಖನನ ನಡೆಸಿದಾಗ, ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದಿನ ನವಶಿಲಾಯುಗದ ವಸತಿಯೊಂದು ಬೆಳಕಿಗೆ ಬಂತು. ಗುಂಡನೆಯ ಗುಡಿಸಲುಗಳು, ಕಲ್ಲಿನ ಕೊಡಲಿಗಳು, ಹುರುಳಿಯ ಕಾಳು, ದನಕುರಿಗಳ ಮೂಳೆಗಳು ದೊರೆತವು. ಈ ಜನ ದನ ಸಾಕಿ ಬದುಕಿದವರು. ಅವರ ಬದುಕಿನ ಇನ್ನೊಂದು ಗುರುತು ಇದೇ ಸೀಮೆಯ ಕುಡತಿನಿಯಲ್ಲಿರುವ ಬೂದಿದಿಬ್ಬ. ಹಂಪಿಯ ಬಳಿಯ ನಿಂಬಾಪುರದಲ್ಲಿರುವ ಅಂಥದೇ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿಯೆಂದು ನಂಬಿಕೊಂಡು ಬಂದಿದ್ದಾರೆ. ಬ್ರಿಟಿಷ್ ವಿದ್ವಾಂಸ ಆಲ್ಚಿನ್ 1957ರಲ್ಲಿ ಉತ್ನೂರಿನಲ್ಲಿ ಅಗೆದು ನೋಡಿ, ಇವು ದನದ ದೊಡ್ಡಿಗಳಲ್ಲಿ ಶೇಖರವಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟಿದ್ದರಿಂದ ಆದ ರಾಶಿಗಳೆಂದು ತೋರಿಸಿಕೊಟ್ಟರು.

ಮನುಷ್ಯ, ಅವನ ಪ್ರಾಣಿ, ಆ ಪ್ರಾಣಿಯ ಸಗಣಿ ಈ ಮೂರೂ ಒಂದೇ ಅಂಗಳದಲ್ಲಿ ಇದ್ದದ್ದು ಹೀಗೆ ಬಹಳ ಹಳೆಯ ಸಂಗತಿ. ಕರುಳಿನ ಬ್ಯಾಕ್ಟೀರಿಯಾಗಳೂ ಅಂದಿನಿಂದಲೇ ದನದಿಂದ ಮನುಷ್ಯನಿಗೆ, ಮನುಷ್ಯನಿಂದ ಮಣ್ಣಿಗೆ ಓಡಾಡಿಕೊಂಡು ಬಂದಿವೆ. ಪ್ರತಿಜೀವಕಗಳನ್ನು, ಅಂದರೆ ಜನ ಆ್ಯಂಟಿಬಯಾಟಿಕ್ ಎಂದು ಕರೆಯುವ ಔಷಧಗಳನ್ನು, ಎದುರಿಸಿ ಬದುಕುವ ಶಕ್ತಿಯೂ ಬ್ಯಾಕ್ಟೀರಿಯಾಗಳಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಕೆನಡಾದ ಯೂಕಾನ್ ಪ್ರದೇಶದಲ್ಲಿ 30,000 ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನಲ್ಲಿ, ಟೆಟ್ರಾಸೈಕ್ಲಿನ್‌ನಂಥ ಔಷಧಗಳನ್ನು ನಿಷ್ಫಲಗೊಳಿಸುವ ಜೀನುಗಳಿದ್ದುದನ್ನು 2011ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಆಶ್ಚರ್ಯಪಡಬೇಕಾದ್ದೇನೂ ಇಲ್ಲ. ಈ ಔಷಧಗಳಲ್ಲಿ ಹೆಚ್ಚಿನವನ್ನು ನಾವು ಪಡೆದದ್ದೇ ಮಣ್ಣಿನ ಸೂಕ್ಷ್ಮಜೀವಿಗಳಿಂದ. ಅವು ಅಕ್ಕಪಕ್ಕದವುಗಳ ಮೇಲೆ ಪ್ರಯೋಗಿಸುತ್ತಿದ್ದ ಅಸ್ತ್ರ ಅದು. ಅಸ್ತ್ರ ಇದ್ದಲ್ಲಿ ಗುರಾಣಿಯೂ ಇರುತ್ತದೆ.

ಹಾಗಾದರೆ ಹೊಸದೇನು? ಮಣ್ಣಿನಲ್ಲಿ ಅಲ್ಲೊಂದು ಇಲ್ಲೊಂದು ಇದ್ದ ಈ ಗುರಾಣಿ ಎಪ್ಪತ್ತೈದು ವರ್ಷಗಳಲ್ಲಿ ಕೋಟಿ ಕೋಟಿ ಕೋಳಿಗಳ ಕರುಳಿಗೆ, ಅಲ್ಲಿಂದ ಆಸ್ಪತ್ರೆಯ ವಾರ್ಡಿಗೆ ಹೇಗೆ ಬಂತು ಎಂಬುದೇ ಹೊಸ ಕಥೆ. ಅದನ್ನು ತಿಳಿಯಲು ಔಷಧ ಸೀಸೆಯನ್ನು ಬಿಟ್ಟು ಕಾಳಿನ ಮೂಟೆಗೆ ಸೇರಿದ ಗಳಿಗೆಯನ್ನು ನೋಡಬೇಕು.

ಹಿತ್ತಲ ಕೋಳಿ

ಕೋಳಿ ನಮ್ಮ ದೇಶದ್ದೇ ಎಂಬ ಅಭಿಪ್ರಾಯ ಬಹುಕಾಲ ಇತ್ತು. ಕೆಂಪು ಕಾಡುಕೋಳಿ ಮನುಷ್ಯನ ಬಳಿ ಬಂದದ್ದು ಆಗ್ನೇಯ ಏಷ್ಯಾದಲ್ಲಿ, ಅದೂ ಭತ್ತ ಮತ್ತು ಸಿರಿಧಾನ್ಯಗಳ ಕಣದ ಆಸೆಗೆ ಎಂದು 2022ರಲ್ಲಿ ಪ್ರಕಟವಾದ ಸಂಶೋಧನೆ ಸೂಚಿಸಿತು. ಅದು ಕೊಟ್ಟ ಕಾಲ ಕ್ರಿಸ್ತಪೂರ್ವ 1650ರಿಂದ 1250. ತೆಕ್ಕಲಕೋಟೆಯ ಗುಡ್ಡದ ಜನರ ಕಾಲಕ್ಕೆ ಹತ್ತಿರದ್ದೇ. ದಕ್ಷಿಣ ಭಾರತದ ಪಾಲೂ ಇದರಲ್ಲಿ ಇಲ್ಲದೆ ಇಲ್ಲ. ಸಾಕುಕೋಳಿಯ ಚರ್ಮ ಮತ್ತು ಕಾಲಿಗೆ ಹಳದಿ ಬಣ್ಣ ಕೊಡುವ ಜೀನು ನಮ್ಮ ಕಾಡುಗಳ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಗೊತ್ತಾಯಿತು.

ಕನ್ನಡನಾಡಿನಲ್ಲಿ ಕೋಳಿ ಬಹುಕಾಲ ದೇವರಿಗೆ ಮತ್ತು ನೆಂಟರಿಗೆ ಮೀಸಲಾದ ಪ್ರಾಣಿ. ಜನ್ನನ ಯಶೋಧರ ಚರಿತೆಯಲ್ಲಿ ಬಲಿಯಾಗುವುದು ಹಿಟ್ಟಿನ ಕೋಳಿ; ಆ ಸಂಕಲ್ಪ ಹಿಂಸೆಯ ಫಲವಾಗಿ ತಾಯಿ ಮಗ ಜನ್ಮಜನ್ಮಾಂತರ ತೊಳಲುತ್ತಾರೆ. ಬಳ್ಳಾರಿ, ರಾಯಚೂರು ಸೀಮೆಯ ಮನೆಗಳಲ್ಲಿ ನಾಲ್ಕಾರು ಜವಾರಿ ಕೋಳಿ ಇದ್ದರೆ ಹೆಚ್ಚು. ಅವು ತಿಪ್ಪೆ ಕೆದರಿ ಹೊಟ್ಟೆ ಹೊರೆದುಕೊಳ್ಳುತ್ತಿದ್ದವು, ವರ್ಷಕ್ಕೆ ಐವತ್ತು ಅರವತ್ತು ತತ್ತಿ ಇಡುತ್ತಿದ್ದವು. ಕೊಕ್ಕರೆ ರೋಗ ಬಂದರೆ ಊರಿಗೆ ಊರೇ ಕೋಳಿ ಕಳೆದುಕೊಳ್ಳುತ್ತಿತ್ತು. ಆಗ ಕೋಳಿಗೆ ಯಾರೂ ಔಷಧ ಕೊಡುತ್ತಿರಲಿಲ್ಲ. ಕೊಟ್ಟರೂ ಔಷಧದ ಬೆಲೆ ಕೋಳಿಯ ಬೆಲೆಯನ್ನು ಮೀರುತ್ತಿತ್ತು.

ಕ್ರಿಸ್‌ಮಸ್ ದಿನದ ತೂಕ

ಔಷಧ ಮೂಟೆಗೆ ಸೇರಿದ್ದು ಅಮೆರಿಕದಲ್ಲಿ. ಆದರೆ ಆ ಕಥೆಯ ಆರಂಭದಲ್ಲಿ ಒಬ್ಬ ಭಾರತೀಯರಿದ್ದಾರೆ. ಬಳ್ಳಾರಿಯೂ ಭೀಮಾವರವೂ ಒಂದೇ ಮದ್ರಾಸ್ ಪ್ರಾಂತದಲ್ಲಿದ್ದ ಕಾಲದಲ್ಲಿ, 1895ರಲ್ಲಿ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್, ಮದ್ರಾಸಿನಲ್ಲಿ ವೈದ್ಯ ಓದಿ ಅಮೆರಿಕಕ್ಕೆ ಹೋದವರು. ನ್ಯೂಯಾರ್ಕ್ ಬಳಿಯ ಲೆಡರ್ಲೆ ಔಷಧ ಕಂಪನಿಯ ಸಂಶೋಧನಾ ನಿರ್ದೇಶಕರಾಗಿದ್ದ ಅವರ ಕೈಕೆಳಗೆ ಬೆಂಜಮಿನ್ ಡಗ್ಗರ್ ಎಂಬ ವಯೋವೃದ್ಧ ಸಸ್ಯವಿಜ್ಞಾನಿ ಸಾವಿರಾರು ಮಣ್ಣಿನ ಮಾದರಿಗಳನ್ನು ಸೋಸಿದರು. ಮಿಸ್ಸೌರಿಯ ಹೊಲವೊಂದರ ಮಣ್ಣಿನಲ್ಲಿದ್ದ ಹಳದಿ ಬಣ್ಣದ ಸೂಕ್ಷ್ಮಜೀವಿಯಿಂದ ಆರಿಯೊಮೈಸಿನ್ ದೊರೆಯಿತು. ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಔಷಧ ಅದು. 1948ರಲ್ಲಿ ಬಳಕೆಗೆ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಮುಂದೆ ಆದದ್ದನ್ನು ಅವರು ನೋಡಲಿಲ್ಲ.

ಅದೇ ಕಂಪನಿಯಲ್ಲಿ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಾಡ್ ಎಂಬ ಪೋಷಣಾ ವಿಜ್ಞಾನಿಗಳು ಕೋಳಿಮರಿಗಳಿಗೆ ಅಗ್ಗದ ಆಹಾರ ಹುಡುಕುತ್ತಿದ್ದರು. ಆರಿಯೊಮೈಸಿನ್ ತೆಗೆದ ಮೇಲೆ ಉಳಿದ ಗಸಿಯಲ್ಲಿ ಬಿ12 ಜೀವಸತ್ವ ಇದ್ದೀತೆಂದು ಅದನ್ನೂ ಮರಿಗಳಿಗೆ ತಿನ್ನಿಸಿದರು. 1948ರ ಕ್ರಿಸ್‌ಮಸ್ ದಿನ, ಉಳಿದವರೆಲ್ಲ ರಜೆಯಲ್ಲಿದ್ದಾಗ, ಜೂಕ್ಸ್ ಮರಿಗಳನ್ನು ತೂಗಿ ನೋಡಿದರು. ಗಸಿ ತಿಂದ ಮರಿಗಳು ಬಿ12 ಮಾತ್ರ ತಿಂದವುಗಳಿಗಿಂತಲೂ ಹೆಚ್ಚು ತೂಗುತ್ತಿದ್ದವು. ಕಾರಣ ಜೀವಸತ್ವವಲ್ಲ, ಗಸಿಯಲ್ಲಿ ಉಳಿದುಹೋಗಿದ್ದ ಚೂರು ಔಷಧ. 1950ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಈ ಸುದ್ದಿ ಬಂತು. ಮರುವರ್ಷವೇ ಪಶುವೈದ್ಯರ ಚೀಟಿಯಿಲ್ಲದೆ ಪಶು ಆಹಾರಕ್ಕೆ ಪ್ರತಿಜೀವಕ ಬೆರೆಸಲು ಅಮೆರಿಕ ಅನುಮತಿ ಕೊಟ್ಟಿತು. ಎಸೆಯಬೇಕಾದ ಗಸಿ ಮಾರುವ ಸರಕಾಯಿತು.

ಮರಿ ಬೆಳೆದದ್ದೇಕೆ? ಇದಕ್ಕೆ ಪೂರ್ಣ ಉತ್ತರ ಇಂದಿಗೂ ಚರ್ಚೆಯಲ್ಲಿದೆ. ಆದರೆ ಒಂದು ಪ್ರಯೋಗ ಬಹಳ ಹೇಳುತ್ತದೆ. ಸೂಕ್ಷ್ಮಜೀವಿಗಳೇ ಇಲ್ಲದ ಪರಿಸರದಲ್ಲಿ ಬೆಳೆಸಿದ ಮರಿಗಳಿಗೆ ಔಷಧ ತಿನ್ನಿಸಿದಾಗ ಬೆಳವಣಿಗೆ ಹೆಚ್ಚಲಿಲ್ಲ. ಶುಚಿಯಾದ ಹೊಸ ಶೆಡ್ಡಿನಲ್ಲಿ ಲಾಭ ಕಡಿಮೆ, ಕೊಳಕು ಹಳೆಯ ಶೆಡ್ಡಿನಲ್ಲಿ ಹೆಚ್ಚು. ಅಂದರೆ ಆ ಚಿಟಿಕೆ ಔಷಧ ಆಹಾರದಂತೆ ಕೆಲಸ ಮಾಡುತ್ತಿರಲಿಲ್ಲ. ಕಿಕ್ಕಿರಿದ ಕೋಳಿಗಳು, ಒದ್ದೆ ಹಾಸು, ಗಾಳಿಯಿಲ್ಲದ ಮಾಡು ಇವುಗಳಿಂದ ಆಗುವ ನಷ್ಟವನ್ನು ಅದು ತುಂಬಿಕೊಡುತ್ತಿತ್ತು. ಜಾಗ, ಶುಚಿ, ಕಾಲ ಈ ಮೂರಕ್ಕೂ ಬದಲಿಯಾಗಿ ಪುಡಿಯೊಂದು ಸಿಕ್ಕಿತು. ದೊಡ್ಡ ಪ್ರಮಾಣದ ಕೋಳಿ ಸಾಕಣೆ ಮುಂದೆ ಆ ಲೆಕ್ಕದ ಮೇಲೇ ಬೆಳೆಯಿತು.

ಊಟದಲ್ಲಿ ಗುಟ್ಟಾಗಿ ಏನೋ ಬೆರೆಸಿ ತಿನ್ನಿಸುವುದಕ್ಕೆ ನಮ್ಮ ಹಳ್ಳಿಗಳಲ್ಲಿ 'ಮದ್ದು ಹಾಕುವುದು' ಎನ್ನುತ್ತಾರೆ. ಮದ್ದು ಎಂದರೆ ಔಷಧವೂ ಹೌದು, ವಿಷವೂ ಹೌದು. ಕನ್ನಡದ ಈ ಒಂದೇ ಪದ ಈ ಪ್ರಸಂಗಕ್ಕೆ ಹೇಳಿಮಾಡಿಸಿದಂತಿದೆ.

ಬಾಸ್ಟನ್ ಬಳಿಯ ಒಂದು ಮನೆ

ಸ್ವಲ್ಪ ಸ್ವಲ್ಪ ಔಷಧವನ್ನು ದಿನವೂ ಕೊಟ್ಟರೆ ಏನಾಗುತ್ತದೆ? ಔಷಧಕ್ಕೆ ಜಗ್ಗುವ ಬ್ಯಾಕ್ಟೀರಿಯಾ ಸಾಯುತ್ತವೆ, ಜಗ್ಗದವು ಉಳಿದು ಮನೆ ತುಂಬುತ್ತವೆ. ಕೆಲವು ಔಷಧವನ್ನು ಒಳಗೆ ಬಂದಂತೆಯೇ ಹೊರಕ್ಕೆ ತಳ್ಳುತ್ತವೆ, ಕೆಲವು ಅದನ್ನು ಕತ್ತರಿಸಿಹಾಕುತ್ತವೆ. ಇಷ್ಟೇ ಆಗಿದ್ದರೆ ಕೋಳಿಯ ಕಷ್ಟ ಕೋಳಿಗೆ ಎನ್ನಬಹುದಿತ್ತು. ಆದರೆ 1950ರ ದಶಕದ ಕೊನೆಯಲ್ಲಿ ಜಪಾನಿನ ವಿಜ್ಞಾನಿಗಳು ಆಮಶಂಕೆಯ ರೋಗಾಣುವನ್ನು ಪರೀಕ್ಷಿಸುವಾಗ ಇನ್ನೊಂದು ಸಂಗತಿ ಕಂಡರು. ಒಂದು ಜಾತಿಯ ಬ್ಯಾಕ್ಟೀರಿಯಾ ತನ್ನ ಪ್ರತಿರೋಧ ಶಕ್ತಿಯನ್ನು ಇನ್ನೊಂದು ಜಾತಿಗೆ, ಚೀಟಿ ದಾಟಿಸಿದಂತೆ, ದಾಟಿಸಬಲ್ಲದು. ನಾಲ್ಕು ಔಷಧಗಳ ವಿರುದ್ಧದ ಉಪಾಯ ಒಂದೇ ಚೀಟಿಯಲ್ಲಿ ಬರೆದಿರಬಹುದು. ಆ ಚೀಟಿಗೆ ಪ್ಲಾಸ್ಮಿಡ್ ಎಂದು ಹೆಸರು. ಕೋಳಿಯ ಕರುಳಿನ ನಿರುಪದ್ರವಿ ಬ್ಯಾಕ್ಟೀರಿಯಾ ಮನುಷ್ಯನ ರೋಗಾಣುವಿಗೆ ಗುರುವಾಗಬಹುದು ಎಂಬುದು ಆಗ ಸ್ಪಷ್ಟವಾಯಿತು.

ಇದನ್ನು ನಿಜ ಜೀವನದಲ್ಲಿ ತೋರಿಸಿದವರು ಬಾಸ್ಟನ್‌ನ ವೈದ್ಯ ಸ್ಟುವರ್ಟ್ ಲೆವಿ. ಪ್ರತಿಜೀವಕ ಬಳಸದ ಒಂದು ಕುಟುಂಬದ ತೋಟದಲ್ಲಿ ಅವರು ಸುಮಾರು ಮುನ್ನೂರು ಮರಿಗಳನ್ನು ಬಿಟ್ಟು, ಅರ್ಧ ಮರಿಗಳ ಕಾಳಿಗೆ ಮಾತ್ರ ಟೆಟ್ರಾಸೈಕ್ಲಿನ್ ಜಾತಿಯ ಔಷಧ ಬೆರೆಸಿದರು. ಒಂದೆರಡು ವಾರದೊಳಗೆ ಆ ಮರಿಗಳ ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾಗಳು ಔಷಧಕ್ಕೆ ಜಗ್ಗದಂತಾದವು. ಮೂರು ನಾಲ್ಕು ತಿಂಗಳಲ್ಲಿ, ಯಾರೂ ಕೊಡದೆ ಇದ್ದ ಆಂಪಿಸಿಲಿನ್, ಸ್ಟ್ರೆಪ್ಟೊಮೈಸಿನ್‌ಗಳಿಗೂ ಜಗ್ಗದಂತಾದವು. ಐದಾರು ತಿಂಗಳ ಹೊತ್ತಿಗೆ, ಔಷಧವನ್ನೇ ಸೇವಿಸದ ಮನೆಯವರ ಮಲದ ಮಾದರಿಗಳಲ್ಲಿ ಶೇ 31ರಲ್ಲಿ ಟೆಟ್ರಾಸೈಕ್ಲಿನ್‌ಗೆ ಜಗ್ಗದ ಬ್ಯಾಕ್ಟೀರಿಯಾಗಳೇ ತುಂಬಿದ್ದವು. ನೆರೆಹೊರೆಯವರಲ್ಲಿ ಆ ಪ್ರಮಾಣ ಶೇ 7ಕ್ಕಿಂತ ಕಡಿಮೆ. 1976ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೆ ಪಶು ಔಷಧ ಉದ್ಯಮದವರೇ ಹಣ ಕೊಟ್ಟಿದ್ದರು ಎಂಬುದು ಗಮನಿಸಬೇಕಾದ ಮಾತು.

ಬ್ರಿಟನ್ನಿನ ಸ್ವಾನ್ ಸಮಿತಿ 1969ರಲ್ಲೇ, ಮನುಷ್ಯರಿಗೆ ಬೇಕಾದ ಔಷಧಗಳನ್ನು ಪ್ರಾಣಿಗಳ ಬೆಳವಣಿಗೆಗೆ ಬಳಸಬಾರದೆಂದಿತ್ತು. ಸ್ವೀಡನ್ 1986ರಲ್ಲಿ ಅಂಥ ಬಳಕೆ ನಿಲ್ಲಿಸಿತು. ಐರೋಪ್ಯ ಒಕ್ಕೂಟ ಪೂರ್ತಿ ನಿಲ್ಲಿಸಲು 2006ರವರೆಗೆ ತೆಗೆದುಕೊಂಡಿತು. ಅಮೆರಿಕ 2017ರವರೆಗೆ ಎಳೆಯಿತು. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ ಎನ್ನುತ್ತಾರೆ. ಇಲ್ಲಿ ರೋಗಿಯನ್ನೂ ಯಾರೂ ಕೇಳಲಿಲ್ಲ.

ಕಾಲುವೆ ನೀರು, ಭತ್ತದ ಹೊಟ್ಟು

ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ತುಂಗಭದ್ರಾ ಅಣೆಕಟ್ಟೆಯ ನೀರು ಹರಿದದ್ದೂ ಅದೇ ವರ್ಷ. ಜೋಳ, ಹತ್ತಿ ಬೆಳೆಯುತ್ತಿದ್ದ ಸಿರುಗುಪ್ಪ, ತೆಕ್ಕಲಕೋಟೆ ಕಡೆಯ ಎರೆಭೂಮಿ ಭತ್ತದ ಗದ್ದೆಯಾಯಿತು. ಅಕ್ಕಿ ಗಿರಣಿಗಳು ಎದ್ದವು. ಭತ್ತ ಬಂದಲ್ಲಿಗೆ ಕೋಳಿ ಬರುತ್ತದೆ ಎಂಬ ಮೂರೂವರೆ ಸಾವಿರ ವರ್ಷದ ಹಿಂದಿನ ಮಾತು ಇಪ್ಪತ್ತನೆಯ ಶತಮಾನಕ್ಕೂ ಒಪ್ಪುತ್ತದೆ. ಗಿರಣಿಯ ಹೊಟ್ಟು ಶೆಡ್ಡಿನ ಹಾಸಾಗುತ್ತದೆ. ತೌಡು, ನುಚ್ಚು ಕೋಳಿಯ ಹೊಟ್ಟೆ ಸೇರುತ್ತವೆ.

ದೇಶದಲ್ಲಿ ಕೋಳಿ ಸಾಕಣೆ ಕಸುಬಿನಿಂದ ಉದ್ಯಮವಾದದ್ದು 1960, 70ರ ದಶಕಗಳಲ್ಲಿ. ವಿದೇಶಿ ಮೂಲದ ಮಿಶ್ರತಳಿಗಳು ಬಂದವು. ಬಿ.ವಿ. ರಾವ್ 1971ರಲ್ಲಿ ವೆಂಕಟೇಶ್ವರ ಹ್ಯಾಚರಿ ಆರಂಭಿಸಿದರು. ಮೊಟ್ಟೆಯ ಬೆಲೆ ದಲ್ಲಾಳಿಗಳ ಕೈಯಲ್ಲಿ ಕುಸಿದು ಸಾಕಣೆದಾರರು ಕಂಗಾಲಾದಾಗ, 1982ರಲ್ಲಿ ಅವರ ನೇತೃತ್ವದಲ್ಲೇ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿತು. ಅದು ಪ್ರಕಟಿಸುವ ದರಪಟ್ಟಿಯಲ್ಲಿ ಬೆಂಗಳೂರು, ಮೈಸೂರುಗಳ ಜೊತೆಗೆ ಹೊಸಪೇಟೆಗೂ ಒಂದು ಸಾಲು ಮೀಸಲು. ಅವಿಭಜಿತ ಬಳ್ಳಾರಿ ಜಿಲ್ಲೆ ಮೊಟ್ಟೆಯ ಸೀಮೆಯಾದದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅದೇ ಕಾಲದಲ್ಲಿ ಬೆಂಗಳೂರಿನ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ಹಿತ್ತಲಲ್ಲಿ ಸಾಕಬಹುದಾದ ಗಿರಿರಾಜ ತಳಿಯನ್ನು ರೂಪಿಸಿತು. ಅದು ಜನಪ್ರಿಯವೂ ಆಯಿತು. ಆದರೆ ನಗರಗಳ ಮಾಂಸ, ಮೊಟ್ಟೆಯ ಬೇಡಿಕೆ ಪೂರೈಸಿದ್ದು ಶೆಡ್ಡಿನ ಕೋಳಿಯೇ.

ಶೆಡ್ಡಿನ ಕೋಳಿಯ ಆಯುಷ್ಯವೆಲ್ಲ ಲೆಕ್ಕ. ಬ್ರಾಯ್ಲರ್ ಕೋಳಿ ಸುಮಾರು ನಲವತ್ತು ದಿನಕ್ಕೆ ಎರಡು ಕಿಲೊ ತೂಗಬೇಕು. ಲೇಯರ್ ಕೋಳಿ ಪಂಜರದಲ್ಲಿ ಒಂದೂವರೆ ವರ್ಷದಾಚೆಗೂ ನಿಂತು ಮುನ್ನೂರಕ್ಕೂ ಹೆಚ್ಚು ಮೊಟ್ಟೆ ಇಡಬೇಕು. ಖರ್ಚಿನ ಮುಕ್ಕಾಲು ಪಾಲಿನ ಹತ್ತಿರ ಹೋಗುವುದು ಕಾಳಿಗೇ. ಹೀಗಿರುವಾಗ ಒಂದು ಕೋಳಿ ಕೆಲವು ಗ್ರಾಂ ಕಡಿಮೆ ತಿಂದು ಅಷ್ಟೇ ಬೆಳೆದರೆ ಹತ್ತು ಸಾವಿರ ಕೋಳಿಗಳಲ್ಲಿ ಅದೇ ಲಾಭ. ಇದರ ಮೇಲೆ ಬಳ್ಳಾರಿಯ ಬೇಸಿಗೆ. ಪಾದರಸ ನಲವತ್ತು ಡಿಗ್ರಿ ದಾಟಿದಾಗ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಕಾಳು ಮುಟ್ಟುವುದಿಲ್ಲ. ಶೆಡ್ಡಿನ ಬದಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುತ್ತಾರೆ. ಬಳಲಿದ ಕೋಳಿಗೆ ಉಸಿರಾಟದ ಸೋಂಕು, ಭೇದಿ ಹಿಡಿದರೆ ಒಂದೆರಡು ದಿನದಲ್ಲಿ ಶೆಡ್ಡೆಲ್ಲ ಹರಡುತ್ತದೆ. ಆಗ ಒಂದೊಂದು ಕೋಳಿಯನ್ನು ಹಿಡಿದು ಮದ್ದು ಕುಡಿಸಲಾಗದು. ಕುಡಿಯುವ ನೀರಿನ ತೊಟ್ಟಿಗೇ ಔಷಧ ಹಾಕುತ್ತಾರೆ. ಕಾಯಿಲೆ ಇಲ್ಲದವೂ ಕುಡಿಯುತ್ತವೆ. ಹೆಚ್ಚು ಕಾಯಿಲೆ ಬಿದ್ದದ್ದು ನೀರನ್ನೇ ಕುಡಿಯದೆ ಮೂಲೆ ಹಿಡಿದಿರುತ್ತದೆ.

ಇದಕ್ಕೆಲ್ಲ ಸಾಕಣೆದಾರರನ್ನು ದೂರುವುದು ಸುಲಭ, ಆದರೆ ಅದು ನ್ಯಾಯವಲ್ಲ. ಬ್ರಾಯ್ಲರ್ ಸಾಕಣೆಯಲ್ಲಿ ಇಂದು ಗುತ್ತಿಗೆಯ ಪದ್ಧತಿಯೇ ಹೆಚ್ಚು. ಮರಿ, ಕಾಳು, ಔಷಧ ಕಂಪನಿಯದು. ಶೆಡ್ಡು, ಕರೆಂಟು, ದುಡಿಮೆ ರೈತನದು. ಕೂಲಿ ಕಿಲೊ ಲೆಕ್ಕದಲ್ಲಿ. ಮೂಟೆಯೊಳಗೆ ಏನು ಬೆರೆತಿದೆಯೆಂಬುದು ಮೂಟೆ ಬಿಚ್ಚುವವನಿಗೇ ತಿಳಿದಿರಬೇಕೆಂದಿಲ್ಲ. ಮೊಟ್ಟೆ ಸಾಕಣೆದಾರ ಸ್ವತಂತ್ರ ನಿಜ. ಆದರೆ ಹೊಸಪೇಟೆಯ ದಿನದ ದರದಲ್ಲಿ ಮದ್ದಿಲ್ಲದೆ ಸಾಕಿದ ಕೋಳಿಯ ಮೊಟ್ಟೆಗೆ ಬೇರೆ ಬೆಲೆ ಇಲ್ಲ.

2025ರ ಆರಂಭದಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ದೃಢಪಟ್ಟಾಗ ಜಿಲ್ಲೆಗೆ ಜಿಲ್ಲೆಯೇ ಎಚ್ಚೆತ್ತಿತು. ಹಕ್ಕಿಜ್ವರ ವೈರಾಣುವಿನಿಂದ ಬರುವುದು, ಪ್ರತಿಜೀವಕಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ಕೋಳಿಗಳನ್ನು ಕೊಲ್ಲುತ್ತದೆ, ಆದ್ದರಿಂದ ಕಣ್ಣಿಗೆ ಬೀಳುತ್ತದೆ. ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಇರುವ ಕೋಳಿ ಚೆನ್ನಾಗಿ ತಿಂದುಂಡು ಬೆಳೆದು ಮಾರುಕಟ್ಟೆಗೆ ಹೋಗುತ್ತದೆ. ಯಾರಿಗೂ ಸುದ್ದಿಯಾಗುವುದಿಲ್ಲ.

ಕಪಾಟಿನಿಂದ ಇಳಿದ ಔಷಧ

ಈ ಇಡೀ ಕಥೆಯನ್ನು ಒಂದೇ ಔಷಧದಲ್ಲಿ ಹೇಳಬೇಕೆಂದರೆ ಕೊಲಿಸ್ಟಿನ್ ಸಾಕು. ಜಪಾನಿನಲ್ಲಿ 1940ರ ದಶಕದ ಕೊನೆಯಲ್ಲಿ ಕಂಡುಹಿಡಿದ ಈ ಔಷಧ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು ವೈದ್ಯರು 1970ರ ದಶಕದಲ್ಲಿ ಅದನ್ನು ಹೆಚ್ಚುಕಡಿಮೆ ಕೈಬಿಟ್ಟರು. ಮನುಷ್ಯರಿಗೆ ಬೇಡವಾದದ್ದು ಕೋಳಿ, ಹಂದಿಗಳಿಗೆ ಅಗ್ಗವಾಗಿ ಸಿಕ್ಕಿತು. ಆದರೆ ಈ ಶತಮಾನದಲ್ಲಿ ಬಲವಾದ ಔಷಧಗಳೂ ಸೋಲತೊಡಗಿದಾಗ ತೀವ್ರನಿಗಾ ಘಟಕದ ವೈದ್ಯರು ಬೇರೆ ದಾರಿ ಕಾಣದೆ ಕೊಲಿಸ್ಟಿನ್ ಅನ್ನೇ ಮತ್ತೆ ಕಪಾಟಿನಿಂದ ಇಳಿಸಿದರು. ಅಷ್ಟು ಹೊತ್ತಿಗೆ ತಡವಾಗಿತ್ತು. 2015ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿಗಳು ಹಂದಿಯಲ್ಲಿ, ಮಾರುಕಟ್ಟೆಯ ಮಾಂಸದಲ್ಲಿ, ಆಸ್ಪತ್ರೆಯ ರೋಗಿಗಳಲ್ಲಿ ಎಂಸಿಆರ್-1 ಎಂಬ ಜೀನನ್ನು ಪತ್ತೆ ಮಾಡಿದರು. ಕೊಲಿಸ್ಟಿನ್ ಅನ್ನು ಸೋಲಿಸುವ ಉಪಾಯ ಈಗ ದಾಟಿಸಬಹುದಾದ ಚೀಟಿಯ ಮೇಲೇ ಬರೆದಿತ್ತು.

ಭಾರತದಲ್ಲೂ ಕೊಲಿಸ್ಟಿನ್ ಬೆಳವಣಿಗೆಯ ಪುಡಿಯಾಗಿ ಬಹಿರಂಗವಾಗಿ ಮಾರಾಟವಾಗುತ್ತಿತ್ತು. 2019ರ ಜುಲೈನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದರ ತಯಾರಿಕೆ, ಮಾರಾಟ, ಹಂಚಿಕೆಯನ್ನು ನಿಷೇಧಿಸಿತು. ತಡವಾದರೂ ಇದು ಸರಿಯಾದ ಹೆಜ್ಜೆ.

ನಮ್ಮಲ್ಲಿ ಪರಿಸ್ಥಿತಿ ಹೇಗಿದೆಯೆಂದು ಅಳೆಯುವ ಯತ್ನಗಳು ಆಗಿವೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2014ರಲ್ಲಿ ರಾಜಧಾನಿ ಪ್ರದೇಶದ 70 ಕೋಳಿಮಾಂಸದ ಮಾದರಿಗಳನ್ನು ಪರೀಕ್ಷಿಸಿದಾಗ ಶೇ 40ರಲ್ಲಿ ಪ್ರತಿಜೀವಕದ ಶೇಷ ಕಂಡಿತು. ಪಂಜಾಬಿನ 18 ಕೋಳಿ ಫಾರಂಗಳ ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನ ಶೇಷವನ್ನಲ್ಲ, ಬ್ಯಾಕ್ಟೀರಿಯಾವನ್ನೇ ನೋಡಿತು. ಪೆನಿಸಿಲಿನ್ ಬಳಗದ ಪ್ರಬಲ ಔಷಧಗಳನ್ನೂ ಕತ್ತರಿಸುವ ಕಿಣ್ವವುಳ್ಳ ಇ. ಕೋಲೈ ಬ್ರಾಯ್ಲರ್ ಫಾರಂಗಳಲ್ಲಿ ಶೇ 87, ಮೊಟ್ಟೆಯ ಫಾರಂಗಳಲ್ಲಿ ಶೇ 42 ಇತ್ತು. ಇದು ಪಂಜಾಬಿನ ಲೆಕ್ಕ, ಬಳ್ಳಾರಿಯದಲ್ಲ. ಆದರೆ ತಳಿ, ಕಾಳು, ಪದ್ಧತಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ.

ಶೇಷ ಬೇರೆ, ಬ್ಯಾಕ್ಟೀರಿಯಾ ಬೇರೆ ಎಂಬುದನ್ನು ಓದುಗರು ಗಮನಿಸಬೇಕು. ಮಾರಾಟಕ್ಕೆ ಕೆಲವು ದಿನ ಮೊದಲೇ ಔಷಧ ನಿಲ್ಲಿಸಿದರೆ ಮಾಂಸದಲ್ಲಿ ಶೇಷ ಉಳಿಯುವುದಿಲ್ಲ. ಆಹಾರ ಸುರಕ್ಷತೆಯ ನಿಯಮಗಳು ಮಿತಿ ಹಾಕಿರುವುದು ಈ ಶೇಷಕ್ಕೆ. ಚೆನ್ನಾಗಿ ಬೇಯಿಸಿದ ಸಾರಿನಲ್ಲಿ ಬ್ಯಾಕ್ಟೀರಿಯಾವೂ ಉಳಿಯುವುದಿಲ್ಲ, ಆದ್ದರಿಂದ ಕೋಳಿ ತಿನ್ನಲು ಹೆದರಬೇಕಾಗಿಲ್ಲ. ಅಪಾಯ ಇರುವುದು ಹಸಿ ಮಾಂಸ ಕತ್ತರಿಸಿದ ಕೈಯಲ್ಲಿ, ಅದೇ ಮಣೆಯ ಮೇಲೆ ಹೆಚ್ಚಿದ ಸೌತೆಕಾಯಿಯಲ್ಲಿ, ಅಂಗಡಿಯ ಮುಂದಿನ ಚರಂಡಿಯಲ್ಲಿ, ಹಾಸು ಬಾಚುವ ಆಳಿನ ಬರಿಗೈಯಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ ಗೊಬ್ಬರದಲ್ಲಿ. ಹೊಟ್ಟು ಮತ್ತು ಹಿಕ್ಕೆ ಬೆರೆತ ಕೋಳಿಗೊಬ್ಬರಕ್ಕೆ ರೈತರಲ್ಲಿ ಒಳ್ಳೆಯ ಬೇಡಿಕೆಯಿದೆ. ಸರಿಯಾಗಿ ಕಳಿಸಿದರೆ ರಾಶಿಯ ಒಳಗಿನ ಕಾವಿಗೆ ಬ್ಯಾಕ್ಟೀರಿಯಾಗಳು ಬಹುಪಾಲು ಸಾಯುತ್ತವೆ. ಲಾರಿಯಿಂದ ನೇರ ಹೊಲಕ್ಕೆ ಸುರಿದರೆ ಅವು ನೀರಿನೊಡನೆ ಹರಿದು ಕಾಲುವೆ ಸೇರುತ್ತವೆ.

ಹಿಂದಿರುಗುವ ದಾರಿ ಇಲ್ಲವೆಂದಲ್ಲ. ಡೆನ್ಮಾರ್ಕ್ 1995ರಲ್ಲಿ ಅವೊಪಾರ್ಸಿನ್ ಎಂಬ ಔಷಧವನ್ನು ಕಾಳಿಗೆ ಬೆರೆಸುವುದನ್ನು ನಿಲ್ಲಿಸಿತು. ಆಗ ಬ್ರಾಯ್ಲರ್ ಕೋಳಿಗಳ ಎಂಟೆರೊಕಾಕಸ್ ಬ್ಯಾಕ್ಟೀರಿಯಾಗಳಲ್ಲಿ ಶೇ 73ರಷ್ಟು ಆ ಬಳಗದ ಔಷಧಕ್ಕೆ ಜಗ್ಗುತ್ತಿರಲಿಲ್ಲ. 2000ದ ಹೊತ್ತಿಗೆ ಅದು ಶೇ 6ಕ್ಕೆ ಇಳಿಯಿತು. ಅಲ್ಲಿನ ಸಾಕಣೆದಾರರು ಮುಳುಗಿಹೋಗಲಿಲ್ಲ. ಕೋಳಿಗಳು ಸಾಯುವ ಪ್ರಮಾಣ ಏರಲಿಲ್ಲ, ಕಾಳು ಮಾತ್ರ ತುಸು ಹೆಚ್ಚು ಖರ್ಚಾಯಿತು. ಆದರೆ ಅವರ ಶೆಡ್ಡುಗಳಲ್ಲಿ ಗಾಳಿಯಾಡುತ್ತಿತ್ತು, ಹಾಸು ಒಣಗಿರುತ್ತಿತ್ತು, ಕರೆದರೆ ಪಶುವೈದ್ಯರು ಬರುತ್ತಿದ್ದರು. ಪುಡಿ ಯಾವುದಕ್ಕೆ ಬದಲಿಯಾಗಿತ್ತೋ ಅದು ಅವರಲ್ಲಿ ಮೊದಲೇ ಇತ್ತು.

ನಮ್ಮ ರಾಷ್ಟ್ರೀಯ ಕ್ರಿಯಾ ಯೋಜನೆ 2017ರಲ್ಲಿ ಬಂತು. ಪ್ರಾಣಿ ಮತ್ತು ಮೀನುಗಳಲ್ಲಿ ಈ ಬ್ಯಾಕ್ಟೀರಿಯಾಗಳ ಮೇಲೆ ಕಣ್ಣಿಡಲು ಭಾರತೀಯ ಕೃಷಿ ಸಂಶೋಧನಾ ಮಂಡಳಿ ಪ್ರಯೋಗಾಲಯಗಳ ಜಾಲವೊಂದನ್ನು ಕಟ್ಟಿದೆ. ಆಸ್ಪತ್ರೆಯಲ್ಲಿ ಸೋಂಕು ಬಗ್ಗದಿದ್ದಾಗ ವೈದ್ಯರು ರೋಗಿಯ ರಕ್ತವನ್ನೋ ಮೂತ್ರವನ್ನೋ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಬ್ಯಾಕ್ಟೀರಿಯಾ ಬೆಳೆಸಿ, ಸುತ್ತ ಔಷಧದ ಬಿಲ್ಲೆಗಳನ್ನಿಟ್ಟು, ಯಾವುದಕ್ಕೆ ಜಗ್ಗುತ್ತದೆಂದು ನೋಡಿ ಹೇಳಲು ಎರಡು ಮೂರು ದಿನ ಬೇಕು. ಕೋಳಿ ಶೆಡ್ಡಿನಲ್ಲೂ ಮದ್ದು ಹಾಕುವ ಮುನ್ನ ಇದೇ ಪರೀಕ್ಷೆ ಮಾಡಿಸಬಹುದು, ಮಾಡಿಸಬೇಕು. ಹತ್ತು ಸಾವಿರ ಕೋಳಿಗಳು ಕೆಮ್ಮತೊಡಗಿದಾಗ ಎರಡು ಮೂರು ದಿನ ಕಾಯಬೇಕಾದ ಮನುಷ್ಯನಿಗೆ, ಪೇಟೆಯ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಡಬ್ಬಿ ಐದು ನಿಮಿಷದ ದಾರಿ.